ನೆತ್ತಿಯ ಸೂರ್ಯನೂ ವೇಷದ ಮುಖವೂ

ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೋಗಿಬಂದವರ ಮನೆಗಳಲ್ಲಿ, ಗುಬ್ಬಿಯಲ್ಲಿ ಚನ್ನಬಸವೇಶ್ವರಸ್ವಾಮಿಯ ತೇರನ್ನು ಕಂಡುಬಂದವರ ಮನೆಗಳಲ್ಲಿ, ಕುಣಿಗಲ್ ಸೀಮೆಯ ಎಡೆಯೂರಿಗೆ ಹರಕೆ ಸಲ್ಲಿಸಿಬಂದವರ ಮನೆಗಳಲ್ಲಿ ಇಂದು ತಪ್ಪದೆ ಕಾಣಸಿಗುವುದು, ವೀರಗಾಸೆಯವರೊಡನೆಯೋ ಸೋಮನ ಕುಣಿತದವರೊಡನೆಯೋ ನಿಂತು ಮೊಬೈಲಿನಲ್ಲಿ ತೆಗೆಸಿಕೊಂಡ ಒಂದು ಭಾವಚಿತ್ರ; ಆ ಭಾವಚಿತ್ರದಲ್ಲಿ ಅಷ್ಟೇ ತಪ್ಪದೆ ಕಾಣಸಿಗುವುದು ಒಂದು ನಿರಾಶೆ. ಕಣ್ಣೆದುರಿಗೆ ಅಷ್ಟು ತೇಜಸ್ವಿಯಾಗಿ ನಿಂತಿದ್ದ ವೇಷಧಾರಿಯ ಕಣ್ಣುಗಳು ಚಿತ್ರದಲ್ಲಿ ಎರಡು ಕಪ್ಪು ಗುಳಿಗಳಾಗಿವೆ. ಮೂಗಿನ ನೆರಳು ಕೆಳಗಿಳಿದು ಮೇಲ್ತುಟಿಯನ್ನು ಮುಚ್ಚಿದೆ. ರುಮಾಲಿನ ಮಡಿಕೆಗಳೆಲ್ಲ ಅಳಿಸಿಹೋಗಿ ತಲೆಯ ಮೇಲೆ ಬರಿಯ ಬಿಳುಪು ಮಾತ್ರ ಉಳಿದಿದೆ.

ತುಮಕೂರು ನಗರದ ಅಂಚಿನ ಮರಳೂರಿನಲ್ಲಿ ವಾಸಿಸುವವನಿಗೆ ಈ ಮೂರು ಜಾತ್ರೆಗಳೂ ಒಂದು ಹಗಲಿನಲ್ಲಿ ಹೋಗಿಬರುವಷ್ಟು ಸಮೀಪದವು; ಆದುದರಿಂದ ಈ ನಿರಾಶೆಯೂ ಅವನಿಗೆ ಪರಿಚಿತವಾದುದೇ. ದೋಷವನ್ನು ಅವನು ಸಾಮಾನ್ಯವಾಗಿ ಕ್ಯಾಮೆರಾದ ಮೇಲೆ ಹೊರಿಸುತ್ತಾನೆ. ಆದರೆ ಅದೇ ಕ್ಯಾಮೆರಾ, ಅದೇ ವೇಷಧಾರಿ, ಅದೇ ಮಧ್ಯಾಹ್ನ ಇರುವಂತೆಯೇ, ಆ ಮನುಷ್ಯನು ಬಿಸಿಲು ತಾಳಲಾರದೆ ನಾಲ್ಕು ಹೆಜ್ಜೆ ಸರಿದು ಯಾವುದೋ ಮನೆಯ ಜಗಲಿಯ ಸೂರಿನಡಿಯಲ್ಲಿ ನಿಂತಾಗ ತೆಗೆದ ಚಿತ್ರವು ಸೊಗಸಾಗಿ ಬಂದಿರುವುದೂ ಉಂಟು. ಬೆಳಕು ಹೇರಳವಾಗಿದ್ದ ಬಯಲಿನಲ್ಲಿ ಕೆಟ್ಟ ಚಿತ್ರ ಮೂಡಿ, ಬೆಳಕು ಕಡಮೆಯಾದ ಜಗಲಿಯಲ್ಲಿ ಒಳ್ಳೆಯ ಚಿತ್ರ ಮೂಡಲು ಕಾರಣವೇನು? ಈ ಅಧ್ಯಾಯದ ವಿಷಯ ಇದೇ.

ಕಣ್ಣು ಮಾಡುವ ಉಪಕಾರ

ಬಿಸಿಲಿನಲ್ಲಿ ನಿಂತ ವೇಷಧಾರಿಯನ್ನು ನಾವು ನೋಡುವಾಗ ಒಂದೇ ನೋಟದಲ್ಲಿ ಎಲ್ಲವನ್ನೂ ನೋಡಿದೆವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ನಮ್ಮ ಕಣ್ಣು ಸ್ಪಷ್ಟವಾಗಿ ಕಾಣುವುದು ಸುಮಾರು ಎರಡು ಡಿಗ್ರಿಗಳಷ್ಟು ಕಿರಿದಾದ ಒಂದು ವರ್ತುಲವನ್ನು ಮಾತ್ರ. ಆ ವರ್ತುಲವು ರುಮಾಲಿನಿಂದ ಹಣೆಯ ವಿಭೂತಿಗೂ, ವಿಭೂತಿಯಿಂದ ಕಣ್ಣಿಗೂ, ಕಣ್ಣಿನಿಂದ ಕೊರಳಿನ ರುದ್ರಾಕ್ಷಿಗೂ ಕ್ಷಣಕ್ಷಣಕ್ಕೆ ಜಿಗಿಯುತ್ತಿರುತ್ತದೆ. ಪ್ರತಿಯೊಂದು ಜಿಗಿತದಲ್ಲಿಯೂ ಅಕ್ಷಿಪಟಲವು ಎದುರಿನ ಬೆಳಕಿಗೆ ತಕ್ಕಂತೆ ತನ್ನ ಸೂಕ್ಷ್ಮತೆಯನ್ನು ತಿದ್ದಿಕೊಳ್ಳುತ್ತದೆ. ಹೀಗೆ ಬಿಡಿಬಿಡಿಯಾಗಿ ಬಂದ ವರದಿಗಳನ್ನು ಮಿದುಳು ಒಂದುಗೂಡಿಸಿ, ನೆರಳೂ ಬಿಸಿಲೂ ಸಮರಸವಾಗಿರುವ ಒಂದು ಮುಖವನ್ನು ನಮ್ಮ ಮುಂದಿಡುತ್ತದೆ.

ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಅದರ ಬಾಗಿಲು ಒಮ್ಮೆ ತೆರೆದು ಮುಚ್ಚುವಷ್ಟರಲ್ಲಿ ಬಂದ ಬೆಳಕೆಲ್ಲ ಒಂದೇ ಅಳತೆಗೋಲಿನಲ್ಲಿ ದಾಖಲಾಗಬೇಕು. ಅಳತೆಗೋಲು ಎಷ್ಟು ಉದ್ದ ಬೇಕೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಗೆದ ಬಿಳಿಯ ರುಮಾಲು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ. ಕಪ್ಪು ರೆಪ್ಪೆ, ಹುಬ್ಬು, ಮೀಸೆಗಳು ಸುಮಾರು 4 ಪಾಲನ್ನು. ಇವೆರಡೂ ಒಂದೇ ಬೆಳಕಿನಲ್ಲಿದ್ದರೆ ಅವುಗಳ ಅಂತರ ಇಪ್ಪತ್ತು ಪಟ್ಟು ಮಾತ್ರ. ಆದರೆ ಮಧ್ಯಾಹ್ನದಲ್ಲಿ ರುಮಾಲಿಗೆ ನೇರ ಬಿಸಿಲು. ಹುಬ್ಬಿನಡಿಯ ರೆಪ್ಪೆಗೆ ಅದರ ಸುಮಾರು ಹತ್ತನೆಯ ಒಂದು ಪಾಲು. ಇಪ್ಪತ್ತನ್ನು ಹತ್ತರಿಂದ ಗುಣಿಸಿದರೆ ಅಂತರವು ಇನ್ನೂರು ಪಟ್ಟಾಯಿತು. ಹೊಳಪಿನ ಫೋಟೋ ಕಾಗದವು ತನ್ನ ಅತ್ಯಂತ ಬಿಳುಪಿಗೂ ಅತ್ಯಂತ ಕಪ್ಪಿಗೂ ನಡುವೆ ತೋರಿಸಬಲ್ಲ ಅಂತರ ನೂರು ಪಟ್ಟಿನ ಆಸುಪಾಸಿನದು. ಹೊಳಪಿಲ್ಲದ ಕಾಗದಕ್ಕೆ ಐವತ್ತನ್ನು ಮುಟ್ಟುವುದೂ ಕಷ್ಟ. ಇನ್ನೂರನ್ನು ನೂರರಲ್ಲಿ ತುರುಕಹೊರಟಾಗ ಒಂದು ತುದಿಯಲ್ಲಿ ರುಮಾಲು ಬೆಳ್ಳಗೆ ಸುಟ್ಟುಹೋಗಬೇಕು, ಇಲ್ಲವೆ ಇನ್ನೊಂದು ತುದಿಯಲ್ಲಿ ಕಣ್ಣು ಕಪ್ಪಿನಲ್ಲಿ ಮುಳುಗಬೇಕು. ಅನೇಕ ವೇಳೆ ಎರಡೂ ನಡೆಯುತ್ತವೆ.

ಇತ್ತೀಚಿನ ಮೊಬೈಲುಗಳು ಹೆಚ್ಚು ಬೆಳಕಿನದೊಂದು, ಕಡಮೆ ಬೆಳಕಿನದೊಂದು ಎಂಬಂತೆ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಅವುಗಳನ್ನು ಬೆರಸಿ ಈ ಅಂತರವನ್ನು ಕುಗ್ಗಿಸುತ್ತವೆ. ಅದರಿಂದ ಪ್ರಯೋಜನವಿಲ್ಲವೆನ್ನಲಾಗದು. ಆದರೆ ನೆರಳನ್ನು ತಿಳಿಯಾಗಿಸಬಲ್ಲ ಆ ಯುಕ್ತಿಗೆ ನೆರಳಿನ ಅಂಚನ್ನು ಅಳಿಸುವ ಶಕ್ತಿ ಇಲ್ಲ. ಮೂಗಿನ ಕೆಳಗೆ ಗೆರೆ ಕೊರೆದು ನಿಂತ ನೆರಳು ಬೂದು ಬಣ್ಣಕ್ಕೆ ತಿರುಗಿದರೂ ಅಲ್ಲಿಯೇ ನಿಂತಿರುತ್ತದೆ. ಆ ಅಂಚು ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ದೀಪದ ಕಡೆಗೇ ತಿರುಗಬೇಕು.

ಅರ್ಧ ಡಿಗ್ರಿಯ ದೀಪ

ಸೂರ್ಯನು ಭೂಮಿಯ ವ್ಯಾಸದ ನೂರೊಂಬತ್ತು ಪಟ್ಟು ವ್ಯಾಸವುಳ್ಳ ಮಹಾಗೋಲವಾದರೂ, ತನ್ನ ವ್ಯಾಸದ ಸುಮಾರು 108 ಪಟ್ಟು ದೂರದಲ್ಲಿರುವುದರಿಂದ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಗಿಂತ ತುಸುವೇ ಹೆಚ್ಚು ಅಗಲವಾಗಿ ಕಾಣುತ್ತಾನೆ. ನಮಗೆ ತೋರುವ ಅರ್ಧಗೋಲಾಕಾರದ ಆಕಾಶದಲ್ಲಿ ಅಂಥ ಬಿಂಬಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಲಕ್ಷಕ್ಕೆ ಸಮೀಪದಷ್ಟು ಹಿಡಿಸಿಯಾವು. ನಡುಹಗಲ ಬೆಳಕಿನ ಬಹುಪಾಲು ಬರುತ್ತಿರುವುದು ಲಕ್ಷದಲ್ಲಿ ಒಂದು ಪಾಲಿನಷ್ಟಿರುವ ಈ ಕಿಂಡಿಯಿಂದ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದು ತಾನಾಗಿ ವಿಶದವಾಗುತ್ತದೆ.

ಗಾಳಿಯಿಲ್ಲದ ದಿನ ಮಳೆಯು ನೆಟ್ಟಗೆ ಸುರಿಯುವಾಗ ಸೂರಿನ ಕೆಳಗೆ ಒಣನೆಲ ಎಲ್ಲಿ ಮುಗಿಯಿತು, ಒದ್ದೆನೆಲ ಎಲ್ಲಿ ಮೊದಲಾಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅದೇ ಮಳೆಯು ಗಾಳಿಗೆ ಸಿಕ್ಕಿ ಎರಚಲಾಗಿ ಹಲವು ದಿಕ್ಕುಗಳಿಂದ ಬೀಸತೊಡಗಿದರೆ ಆ ಗೆರೆ ಅಳಿಸಿಹೋಗಿ, ಅಂಚಿನಲ್ಲಿ ಹೆಚ್ಚು ಒದ್ದೆ, ಒಳಕ್ಕೆ ಸರಿದಂತೆಲ್ಲ ಕಡಮೆ ಒದ್ದೆ ಎಂಬ ಕ್ರಮವೇರ್ಪಡುತ್ತದೆ. ಬೆಳಕೂ ಹಾಗೆಯೇ. ಕಿರಿದಾದ ಮೂಲದಿಂದ ಒಂದೇ ದಿಕ್ಕಿಗೆ ಬರುವ ಬೆಳಕನ್ನು ನೆಟ್ಟ ಬೆಳಕೆಂದೂ, ವಿಸ್ತಾರವಾದ ಮೂಲದಿಂದ ನಾನಾ ದಿಕ್ಕುಗಳಲ್ಲಿ ಬರುವುದನ್ನು ಎರಚಲು ಬೆಳಕೆಂದೂ ಕರೆಯೋಣ. ಸ್ಟುಡಿಯೋದವರು ಇವನ್ನೇ ಹಾರ್ಡ್ ಲೈಟ್, ಸಾಫ್ಟ್ ಲೈಟ್ ಎನ್ನುತ್ತಾರೆ.

ನೆರಳಿಗೂ ಬಿಸಿಲಿಗೂ ನಡುವಣ ಮಸುಕು ಪಟ್ಟಿಗೆ ಅರೆನೆರಳೆಂದು ಹೆಸರು. ಬಿಸಿಲಿನಲ್ಲಿ ಅದರ ಅಗಲವು, ನೆರಳು ಮಾಡುವ ವಸ್ತುವಿಗೂ ನೆರಳು ಬೀಳುವ ಸ್ಥಳಕ್ಕೂ ಇರುವ ದೂರದ ನೂರೆಂಟನೆಯ ಒಂದು ಪಾಲು. ಹುಬ್ಬಿನಿಂದ ಕಣ್ಣಿನ ಕೆಳಗಿನ ಕೆನ್ನೆಗೆ ಎರಡು ಸೆಂಟಿಮೀಟರಿದ್ದರೆ ಅರೆನೆರಳಿನ ಅಗಲ ಮಿಲಿಮೀಟರಿನ ಐದನೆಯ ಒಂದು ಭಾಗವನ್ನೂ ಮುಟ್ಟದು. ಕಣ್ಣಿಗೆ ಅದು ಅಂಚೇ ಹೊರತು ಪಟ್ಟಿಯಲ್ಲ. ಚಿತ್ರದಲ್ಲಿ ಮುಖದ ಮೇಲೆ ಕೊರೆದಂತೆ ಕಾಣುವ ಗೆರೆಗಳ ಮೂಲವಿದು. ಹತ್ತು ಮೀಟರು ಎತ್ತರದ ಆಲದ ಎಲೆಗಾದರೋ ಆ ಅಗಲ ಒಂಬತ್ತು ಸೆಂಟಿಮೀಟರು. ಎಲೆಗಳ ಸಂದಿಯಿಂದ ನೆಲಕ್ಕಿಳಿದ ಬೆಳಕಿನ ಬೊಟ್ಟುಗಳು ಸಂದಿಯ ಆಕಾರವನ್ನು ಮರೆತು ದುಂಡಗಾಗುವುದು ಇದರಿಂದಲೇ, ಅವು ಒಂದೊಂದೂ ಸೂರ್ಯನ ಪ್ರತಿಬಿಂಬವೇ ಆಗಿರುವುದರಿಂದ. ನೋಟಕ್ಕೆ ಅವು ರಮ್ಯವಾಗಿದ್ದರೂ ಮುಖದ ಮೇಲೆ ಬಿದ್ದರೆ ಚಿತ್ತುಗಳೇ. ತೆಳ್ಳನೆಯ ಮರದ ನೆರಳನ್ನು ಭಾವಚಿತ್ರಕ್ಕೆ ಆರಿಸಬಾರದೆಂಬ ಎಚ್ಚರಿಕೆ ಇದರಿಂದ ಹುಟ್ಟಿದೆ.

ಆಕಾಶವೆಂಬ ಎರಡನೆಯ ದೀಪ

ನೇರ ಬಿಸಿಲಿನಿಂದ ಹೊರಬಂದು ಜಗಲಿಯಲ್ಲಿ ನಿಂತವನನ್ನು ಬೆಳಗುವುದು ಯಾವುದು? ಸೂರ್ಯನಂತೂ ಅಲ್ಲ, ಅವನು ಸೂರಿನ ಆಚೆ ಮರೆಯಾಗಿದ್ದಾನೆ. ಬೆಳಗುವುದು ಆಕಾಶ, ಮತ್ತು ಬಿಸಿಲಿನಲ್ಲಿ ಮಿಂದ ನೆಲ, ಗೋಡೆಗಳು. ನಿರಭ್ರವಾದ ಮಧ್ಯಾಹ್ನದಲ್ಲಿ ಬಯಲಿಗೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಆದರೆ, ಆಕಾಶಕ್ಕೆ ತೆರೆದ ನೆರಳಿನಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಲಕ್ಸ್ ದೊರೆಯುತ್ತದೆ. ಹತ್ತರಲ್ಲಿ ಒಂದೆರಡು ಪಾಲಷ್ಟೆ ಎಂದು ಕೊರಗಬೇಕಾಗಿಲ್ಲ, ಇಂದಿನ ಯಾವ ಕ್ಯಾಮೆರಾಕ್ಕೂ ಅದು ಧಾರಾಳ. ಅಲ್ಲದೆ ರುಮಾಲೂ ರೆಪ್ಪೆಯೂ ಈಗ ಒಂದೇ ಬೆಳಕಿನಲ್ಲಿರುವುದರಿಂದ ಅವುಗಳ ಅಂತರವು ಇನ್ನೂರರಿಂದ ಇಪ್ಪತ್ತರ ಸಮೀಪಕ್ಕೆ ಇಳಿಯಿತು. ಕಾಗದದ ಅಳತೆಗೋಲಿನಲ್ಲಿ ಸುಖವಾಗಿ ಸೇರಿತು. ಕಡಮೆ ಬೆಳಕಿನಲ್ಲಿ ಒಳ್ಳೆಯ ಚಿತ್ರವೆಂಬ ಒಗಟಿನ ಅರ್ಧ ಭಾಗ ಇಲ್ಲಿ ಬಿಡಿಸಿದಂತಾಯಿತು.

ಈ ಲಾಭಕ್ಕೆ ಒಂದು ಸಣ್ಣ ಸುಂಕವುಂಟು. ಲಾರ್ಡ್ ರೇಲಿಯು 1871ರಲ್ಲಿ ನಿರೂಪಿಸಿದಂತೆ ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರಿಸುತ್ತವೆ. ಆಕಾಶ ನೀಲಿಯಾದುದರಿಂದ ಅದರ ಬೆಳಕಿನಲ್ಲಿ ನಿಂತ ಮುಖಕ್ಕೂ ನೀಲಿಯ ಛಾಯೆ ಬರುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎಂಬ ಬಣ್ಣದ ತಕ್ಕಡಿಯನ್ನು ನೆರಳಿನ ಗುರುತಿಗೆ ತಿರುಗಿಸಿದರೆ ಅದು ಸರಿಹೋಗುತ್ತದೆ. ಆದರೆ ಜಾತ್ರೆಯ ಶಾಮಿಯಾನದ ಬಣ್ಣವು ಅಷ್ಟು ಸುಲಭವಾಗಿ ಬಿಡದು: ನೀಲಿ ಟಾರ್ಪಾಲಿನ ಕೆಳಗೆ ನಿಂತವಳಿಗೆ ಹುಷಾರಿಲ್ಲದವಳ ಕಳೆ ಬರುತ್ತದೆ, ಕೆಂಪು ಬಟ್ಟೆಯ ಕೆಳಗೆ ಅರಿಸಿನ, ಕುಂಕುಮ, ವಿಭೂತಿಗಳ ಭೇದವೇ ಮಾಯವಾಗುತ್ತದೆ. ಒಂದೇ ಮುಖಕ್ಕೆ ಒಂದು ಕಡೆಯಿಂದ ಬಟ್ಟೆಯ ಬಣ್ಣ, ಮತ್ತೊಂದು ಕಡೆಯಿಂದ ಆಕಾಶದ ಬಣ್ಣ ಬಿದ್ದಾಗ ಯಾವ ತಕ್ಕಡಿಯೂ ಎರಡನ್ನೂ ಏಕಕಾಲದಲ್ಲಿ ತೂಗಲಾರದು.

ಮುಖವು ಏನನ್ನು ನೋಡುತ್ತಿದೆ?

ಈಗ ಒಗಟಿನ ಉಳಿದ ಅರ್ಧ. ವಿಸ್ತಾರವಾದ ದೀಪವೇ ಒಳ್ಳೆಯದೆಂದಾದರೆ ದಟ್ಟ ಮೋಡ ಕವಿದ ಹಗಲಿನಲ್ಲಿ ಬಯಲಿನ ಎಲ್ಲ ಚಿತ್ರಗಳೂ ಸುಂದರವಾಗಬೇಕಾಗಿತ್ತು. ಆಗ ಆಕಾಶವೆಲ್ಲ ಒಂದೇ ದೀಪವಲ್ಲವೆ? ಆದರೆ ಅಂದೂ ಕಣ್ಣಿನ ಗುಳಿಗಳು ಕಪ್ಪಾಗಿಯೇ ಬರುತ್ತವೆ. ನೆರಳಿನ ಅಂಚು ಕರಗಿರುತ್ತದೆ, ನೆರಳು ಕರಗಿರುವುದಿಲ್ಲ. ಇದಕ್ಕೆ ಕಾರಣ, ಮೋಡ ಮುಚ್ಚಿದ ಆಕಾಶವು ಎಲ್ಲೆಡೆಯೂ ಸಮಾನವಾಗಿ ಬೆಳಗುವುದಿಲ್ಲವೆಂಬುದು. ಅದರ ನೆತ್ತಿಯು ಅದರ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆ. ಬೆಳಕಿನ ಹೆಚ್ಚಿನ ಪಾಲು ಆಗಲೂ ಮೇಲಿನಿಂದಲೇ ಇಳಿಯುತ್ತದೆ.

ಇದರಿಂದ ನಮಗೆ ಬೇಕಾದ ಸೂತ್ರವು ಹೊರಪಡುತ್ತದೆ. ಮುಖದ ಪ್ರತಿಯೊಂದು ಬಿಂದುವೂ ತನಗೆ ಎದುರಾಗಿರುವ ಜಗತ್ತಿನಿಂದ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಆ ಬಿಂದುವಿನಲ್ಲಿ ಒಂದು ಇರುವೆ ಕುಳಿತು ಹೊರಕ್ಕೆ ನೋಡಿದರೆ ಅದಕ್ಕೆ ಕಾಣುವುದೆಷ್ಟೋ ಅಷ್ಟೇ ಅದಕ್ಕೆ ಬೆಳಕು. ಹಣೆಯು ಮೇಲಿನ ಆಕಾಶವನ್ನೂ ಎದುರಿನ ದಿಗಂತವನ್ನೂ ನೋಡುತ್ತದೆ. ಕಣ್ಣಿನ ಗುಳಿಗೆ ಹುಬ್ಬಿನ ಮೂಳೆ ಅಡ್ಡವಾಗಿ, ನೆತ್ತಿಯ ಆಕಾಶ ಕಾಣದು. ಅದರ ಪಾಲಿಗೆ ಉಳಿದುದು ಎದುರಿನ ದಿಗಂತ ಮತ್ತು ನೆಲ. ಗಲ್ಲದ ಕೆಳಭಾಗಕ್ಕೆ ನೆಲವೊಂದೇ. ಆದುದರಿಂದ ನೆತ್ತಿಯ ಬೆಳಕು, ಬಿಸಿಲಿನದಾಗಲಿ ಮೋಡದ್ದಾಗಲಿ, ಹಣೆಗೂ ಮೂಗಿಗೂ ಸಲ್ಲುತ್ತದೆ, ಕಣ್ಣಿಗೆ ಸಲ್ಲುವುದಿಲ್ಲ. ಎದುರಿನಿಂದ ಬಂದ ಬೆಳಕೊಂದೇ ಹಣೆ, ಕಣ್ಣು, ತುಟಿ ಎಲ್ಲಕ್ಕೂ ಸಮವಾಗಿ ಸಲ್ಲುತ್ತದೆ.

ಜಗಲಿಯ ಗುಣ ಈಗ ತಿಳಿಯಿತಷ್ಟೆ. ಸೂರು ನೆತ್ತಿಯ ಬೆಳಕನ್ನು ತಡೆಯಿತು. ಮುಂಭಾಗ ಬಯಲಿಗೆ ತೆರೆದಿದ್ದುದರಿಂದ ದಿಗಂತದ ಆಕಾಶವೂ, ಬಿಸಿಲಿನಲ್ಲಿ ಹೊಳೆಯುತ್ತಿದ್ದ ಬೀದಿಯೂ, ಎದುರುಮನೆಯ ಸುಣ್ಣದ ಗೋಡೆಯೂ ಸೇರಿ ಮುಖಕ್ಕೆ ಎದುರಾದ ಒಂದು ಮಹಾದೀಪವಾದುವು. ಮೇಲೆ ಮುಚ್ಚಿರಬೇಕು, ಮುಂದೆ ತೆರೆದಿರಬೇಕು: ಇದರಲ್ಲಿ ಮೊದಲನೆಯದನ್ನು ಮಾತ್ರ ನೆನಪಿಟ್ಟು ವೇಷಧಾರಿಯನ್ನು ಪಡಸಾಲೆಯ ಒಳಗೊಳಗೆ ಕರೆದೊಯ್ದರೆ ಅವನಿಗೆ ಕಾಣುವ ಬಯಲು ಬಾಗಿಲಿನಷ್ಟಕ್ಕೆ ಕುಗ್ಗಿ ಎರಚಲು ಬೆಳಕು ಮತ್ತೆ ನೆಟ್ಟ ಬೆಳಕಿನ ಕಡೆಗೆ ತಿರುಗುತ್ತದೆ. ನೆರಳಿನ ಗೆರೆಯಿಂದ ಒಂದು ಹೆಜ್ಜೆಯಷ್ಟು ಒಳಗೆ, ಮುಖ ಹೊರಕ್ಕೆ ಮಾಡಿ ನಿಲ್ಲಿಸುವುದು ಉತ್ತಮ.

ವೇಷ ಯಾವ ಬೆಳಕಿಗಾಗಿ ಹುಟ್ಟಿತು?

ಜಾತ್ರೆಯ ವೇಷಧಾರಿಯ ವಿಷಯದಲ್ಲಿ ಈ ಸೂತ್ರಕ್ಕೆ ವಿಶೇಷವಾದ ಮಹತ್ತ್ವವುಂಟು. ತುಮಕೂರು ಸೀಮೆಯ ಮೂಡಲಪಾಯ ಬಯಲಾಟವನ್ನೇ ತೆಗೆದುಕೊಳ್ಳಿ. ಅದು ರಾತ್ರಿಯ ಆಟ. ವಿದ್ಯುತ್ತು ಬರುವ ಮೊದಲು ಅದನ್ನು ಬೆಳಗುತ್ತಿದ್ದುದು ದೀವಟಿಗೆ. ದೀವಟಿಗೆಯು ಮುಖದ ಮಟ್ಟದಲ್ಲಿ, ಎದುರಿನಿಂದಲೋ ಪಕ್ಕದಿಂದಲೋ ಬೆಳಗುವ ದೀಪ. ಅಂಥ ಬೆಳಕಿಗೆ ಎತ್ತರವಾದ ಕಿರೀಟವು ಯಾವ ಅಡ್ಡಿಯನ್ನೂ ಮಾಡದು. ಭುಜಕೀರ್ತಿ, ಎದೆಕಟ್ಟುಗಳಿಗೆ ಅಂಟಿಸಿದ ಕನ್ನಡಿಯ ಚೂರು, ಬೇಗಡೆಗಳು ಉರಿಯ ಚಾಂಚಲ್ಯವನ್ನು ಸಾವಿರ ಕಿಡಿಗಳಾಗಿ ಪ್ರೇಕ್ಷಕನಿಗೆ ಹಿಂದಿರುಗಿಸುತ್ತವೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ಹುಟ್ಟಿದ ಕಾಲದ ವೃತ್ತಿರಂಗಭೂಮಿಯಲ್ಲಿಯೂ ರಂಗದ ಅಂಚಿನಲ್ಲಿ ಕೆಳಗಿನಿಂದ ಬೆಳಗುವ ದೀಪಗಳ ಸಾಲಿಗೆ ಪ್ರಾಧಾನ್ಯವಿತ್ತು. ರಾಜನ ಕಿರೀಟದಡಿಯ ಕಣ್ಣು ಕೊನೆಯ ಸಾಲಿನ ಚಾಪೆಯವನಿಗೂ ಕಾಣುತ್ತಿದ್ದುದು ಅದರಿಂದ.

ಅದೇ ಕಿರೀಟವನ್ನು ನಡುಹಗಲಿಗೆ ತಂದರೆ ಅದು ಮುಖಕ್ಕೆ ಕೊಡೆಯಾಗಿ ನೆರಳು ಚೆಲ್ಲುತ್ತದೆ, ಕನ್ನಡಿಯ ಚೂರುಗಳು ನೇರ ಸೂರ್ಯನನ್ನೇ ಹಿಡಿದು ಕ್ಯಾಮೆರಾದ ಕಣ್ಣಿಗೆ ಚುಚ್ಚುತ್ತವೆ. ಸೋಮನ ಕುಣಿತದ ಕೆಂಪು, ಹಳದಿಯ ದೊಡ್ಡ ಮರದ ಮುಖಗಳಲ್ಲಿ ಹುಬ್ಬು, ಮೂಗು, ಕಣ್ಣುಗುಡ್ಡೆಗಳು ನಮ್ಮ ಮುಖಕ್ಕಿಂತಲೂ ಉಬ್ಬಿ ನಿಂತಿರುವುದರಿಂದ ಮೇಲಿನ ಬೆಳಕಿಗೆ ಅವುಗಳ ನೆರಳೂ ಅಷ್ಟೇ ಉದ್ದ. ಊರಿಂದೂರಿಗೆ ಹಗಲಿನಲ್ಲಿಯೇ ವೇಷ ಕಟ್ಟಿ ಸಂಚರಿಸುವ ಹಗಲುವೇಷದವರು ಮುಖಕ್ಕೆ ಗಾಢವಾದ ಬಣ್ಣ ಬಳಿದು, ಕಣ್ಣು ಹುಬ್ಬುಗಳನ್ನು ದಪ್ಪ ಗೆರೆಗಳಿಂದ ತೀಡಿಕೊಳ್ಳುವುದು ಸೂರ್ಯನೊಡನೆ ಮಾಡಿಕೊಂಡ ಒಂದು ಬಗೆಯ ಒಪ್ಪಂದವೆಂದು ಹೇಳಬಹುದು. ಬೆಳಕು ಅಳಿಸುವ ರೇಖೆಯನ್ನು ಬಣ್ಣವು ಪುನಃ ಬರೆಯುತ್ತದೆ.

ಬಯಲಿನಲ್ಲಿ ಉಳಿದ ಉಪಾಯಗಳು

ಜಗಲಿ ಸಮೀಪದಲ್ಲಿಲ್ಲದಿದ್ದರೆ? ಮೊದಲನೆಯದು ಕಾಲವನ್ನು ಆರಿಸುವುದು. ತುಮಕೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಮೇಲೆ ತುಸುವಿರುವುದರಿಂದ ಶಿವರಾತ್ರಿಯ ಸುಮಾರಿಗೆ ಮಧ್ಯಾಹ್ನದ ಸೂರ್ಯನು ದಿಗಂತದಿಂದ 65–70 ಡಿಗ್ರಿ ಮೇಲಕ್ಕೇರುತ್ತಾನೆ. ಏಪ್ರಿಲಿನ ಕೊನೆಯ ವಾರದಲ್ಲಿ ಸರಿಯಾಗಿ ನೆತ್ತಿಗೇ ಬರುತ್ತಾನೆ. ಶಿವರಾತ್ರಿಯ ಕಾಲದ ನಿಜವಾದ ನಡುಹಗಲು ಇಲ್ಲಿ ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆ ಮೀರಿದ ಮೇಲೆ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82½ ಡಿಗ್ರಿ ರೇಖಾಂಶವನ್ನು ಅನುಸರಿಸಿ, ತುಮಕೂರಾದರೋ 77ರ ಬಳಿಯಿದೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಸೂರ್ಯನು ದಿಗಂತದಿಂದ ಹದಿನಾಲ್ಕು ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತಾನೆ. ಆಗ ಅವನ ಬಿಂಬವೇನೂ ದೊಡ್ಡದಾಗಿರುವುದಿಲ್ಲ, ನೆರಳಿನ ಅಂಚೂ ಹರಿತವಾಗಿಯೇ ಇರುತ್ತದೆ. ಆದರೆ ಬೆಳಕು ರುಮಾಲಿನ ಕೆಳಕ್ಕೆ ನುಸುಳಿ ಕಣ್ಣಿನ ಗುಳಿಯನ್ನು ಮುಟ್ಟುತ್ತದೆ, ಗಾಳಿಯ ದೀರ್ಘಮಾರ್ಗದಲ್ಲಿ ಸೋಸಿಹೋಗಿ ಅದರ ಉಗ್ರತೆಯೂ ಇಳಿದಿರುತ್ತದೆ.

ಎರಡನೆಯದು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸುವುದು. ಸೂರ್ಯನು ಮುಖದ ಮೇಲೆ ಬೀಳಬೇಕೆಂಬ ಹಳೆಯ ಉಪದೇಶಕ್ಕೆ ಇದು ವಿರುದ್ಧವಾದರೂ, ನಮ್ಮ ಸೂತ್ರದಂತೆ ಸರಿಯಾದುದೇ. ಮುಖವು ಆಗ ನೆರಳಿನಲ್ಲಿದ್ದು, ಸೂರ್ಯನಿಗೆ ಎದುರಾದ ದಿಕ್ಕಿನ ಆಕಾಶವನ್ನೂ ಬೆಳಗಿದ ನೆಲವನ್ನೂ ನೋಡುತ್ತದೆ. ಆ ನೆಲ ಒಣಮರಳಾದರೆ ಹೆಚ್ಚು ಬೆಳಕು, ಹುಲ್ಲಾದರೆ ಕಡಮೆ, ಕೆಮ್ಮಣ್ಣಾದರೆ ಚರ್ಮಕ್ಕೆ ಹಿತವಾದ ಬೆಚ್ಚನೆಯ ಬಣ್ಣ. ಕುಣಿತದ ಮಧ್ಯದಲ್ಲಿರುವ ವೀರಗಾಸೆಯವನನ್ನು ಜಗಲಿಗೆ ಕರೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಅಲ್ಲಿ ಚಿತ್ರಕಾರನೇ ಸುತ್ತ ಸರಿದು ಸೂರ್ಯನನ್ನು ನರ್ತಕನ ಬೆನ್ನಿಗೆ ತಂದುಕೊಳ್ಳಬೇಕು.

ಮೂರನೆಯದು ಪಂಚೆ. ಒಂದು ಮೀಟರು ಅಗಲದ ತೆಳುವಾದ ಬಿಳಿಯ ಬಟ್ಟೆಯನ್ನು ಮುಖದಿಂದ ಒಂದು ಮೀಟರು ದೂರದಲ್ಲಿ, ಸೂರ್ಯನಿಗೆ ಅಡ್ಡವಾಗಿ ಇಬ್ಬರು ಹಿಡಿದರೆ, ಅರ್ಧ ಡಿಗ್ರಿಯ ಸೂರ್ಯನ ಸ್ಥಳದಲ್ಲಿ ಐವತ್ತಮೂರು ಡಿಗ್ರಿ ಅಗಲದ ದೀಪವು ಉದಯಿಸುತ್ತದೆ. ನೂರು ಪಟ್ಟು ವಿಸ್ತಾರ. ಸೂರ್ಯನನ್ನೇ ದೀಪವಾಗಿ ಬಳಸಿದ ಮೂಕಿಚಿತ್ರಗಳ ಕಾಲದವರು ರಂಗದ ಮೇಲೆ ತೆಳುಬಟ್ಟೆಯನ್ನು ಹರಡುತ್ತಿದ್ದುದು ಇದಕ್ಕಾಗಿಯೇ.

ಬೆಳಕಿಗೆ ಸೇರದ ಎರಡು ಮಾತುಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಮೂಗಿನ ತುದಿಗೂ ಕಿವಿಗೂ ಹಿಂದುಮುಂದಾಗಿ ಸುಮಾರು 12 ಸೆಂಟಿಮೀಟರು ಅಂತರವಿರುವುದರಿಂದ, 40 ಸೆಂಟಿಮೀಟರು ಸಮೀಪದಿಂದ ತೆಗೆದ ಚಿತ್ರದಲ್ಲಿ ಮೂಗು ಕಿವಿಗಿಂತ ನೂರಕ್ಕೆ ಮೂವತ್ತರಷ್ಟು ಹಿಗ್ಗುತ್ತದೆ. ಎರಡು ಮೀಟರು ದೂರದಿಂದ ತೆಗೆದರೆ ಆರರಷ್ಟು ಮಾತ್ರ. ಹಿಂದೆ ಸರಿದು ಲೆನ್ಸಿನಿಂದ ಹತ್ತಿರಕ್ಕೆ ತರುವುದೇ ಮೇಲು. ಇನ್ನೊಂದು, ಕ್ಯಾಮೆರಾವು ಚೌಕಟ್ಟಿನಲ್ಲಿರುವುದೆಲ್ಲ ಸರಾಸರಿಯಲ್ಲಿ ಬೂದು ಬಣ್ಣದ್ದೆಂದು ನಂಬಿ ಬೆಳಕನ್ನು ಅಳೆಯುವುದರಿಂದ, ಬಿಳಿಯ ಉಡುಪು ಚೌಕಟ್ಟನ್ನು ತುಂಬಿದಾಗ ಮುಖ ಕಪ್ಪಾಗುತ್ತದೆ. ಅಳತೆಯನ್ನು ಮುಖದ ಮೇಲೆ ಬೆರಳೊತ್ತಿ ಮಾಡಿಸಬೇಕು.

ಪಾಪೆಯ ಸಾಕ್ಷ್ಯ

ಹೇಳಿದುದನ್ನೆಲ್ಲ ಪರೀಕ್ಷಿಸಿಕೊಳ್ಳಲು ಪ್ರತಿಯೊಂದು ಭಾವಚಿತ್ರದಲ್ಲಿಯೂ ಒಬ್ಬ ಸಾಕ್ಷಿಯಿದ್ದಾನೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಸುಮಾರು ಎಂಟು ಮಿಲಿಮೀಟರು ತ್ರಿಜ್ಯದ ಉಬ್ಬುಗನ್ನಡಿ. ಮುಖವು ನೋಡುತ್ತಿದ್ದ ಜಗತ್ತೆಲ್ಲ ಅದರಲ್ಲಿ ಕಿರಿದಾಗಿ ಪ್ರತಿಫಲಿಸುತ್ತದೆ. ಒಳ್ಳೆಯದೆಂದು ತೋರಿದ ಯಾವ ಚಿತ್ರವನ್ನಾದರೂ ಹಿಗ್ಗಿಸಿ ಪಾಪೆಯನ್ನು ನೋಡಿ: ಅಗಲವಾದ ಬಿಳಿಯ ತುಣುಕೊಂದು ಪಾಪೆಯ ನಡುವಿನ ಎತ್ತರದಲ್ಲಿಯೋ ಅದಕ್ಕಿಂತ ತುಸು ಮೇಲೆಯೋ ಇದ್ದರೆ ಚಿತ್ರದಲ್ಲಿರುವವನು ತೆರೆದ ಬಯಲಿಗೆ ಎದುರಾಗಿ ನಿಂತಿದ್ದನೆಂದು ತಿಳಿಯಬಹುದು. ಸೂಜಿಮೊನೆಯಂಥ ಒಂದೇ ಚುಕ್ಕೆಯಿದ್ದರೆ ಅದು ಸೂರ್ಯ. ಏನೂ ಇಲ್ಲದಿದ್ದರೆ ಬೆಳಕು ನೆತ್ತಿಯ ಮೇಲೆಯೇ ಉಳಿದು ಕಣ್ಣನ್ನು ತಲುಪಲಿಲ್ಲ. ಚಿತ್ರದಲ್ಲಿ ಮುಖಕ್ಕೆ ಜೀವವಿದೆ, ಇಲ್ಲ ಎಂದು ನಾವು ಆಡುವ ಮಾತಿನ ಬಹುಪಾಲು ಈ ತುಣುಕಿನ ಇರವು ಇಲ್ಲದಿರವುಗಳನ್ನೇ ಅವಲಂಬಿಸಿದೆ.

ಆದುದರಿಂದ ಮುಂದಿನ ಜಾತ್ರೆಯಲ್ಲಿ ವೇಷಧಾರಿಯ ಅನುಮತಿ ಪಡೆದ ಮೇಲೆ, ಕ್ಯಾಮೆರಾವನ್ನು ಎತ್ತುವ ಮೊದಲು, ಒಮ್ಮೆ ಅವನ ಪಕ್ಕದಲ್ಲಿ ಅವನು ನೋಡುತ್ತಿರುವ ಕಡೆಗೇ ಮುಖ ಮಾಡಿ ನಿಲ್ಲಬೇಕು. ತಲೆಯ ಮೇಲೆ ಮರೆಯೂ ಕಣ್ಣೆದುರಿಗೆ ಬೆಳಗುವ ವಿಸ್ತಾರವೂ ಇದ್ದರೆ ಸರಿ. ಇಲ್ಲದಿದ್ದರೆ ಅವನನ್ನು ನಾಲ್ಕು ಹೆಜ್ಜೆ ಸರಿಯುವಂತೆ ಕೇಳಿಕೊಳ್ಳಬೇಕು. ಮಣಭಾರದ ಉಡುಪಿನಲ್ಲಿ ಬೆಳಗಿನಿಂದ ಬಿಸಿಲಿಗೆ ನಿಂತವನು ನೆರಳಿಗೆ ಬರಲು ಒಲ್ಲೆನೆನ್ನುವುದು ಅಪರೂಪ.